ಬಗ್ಗಿ ನೋಡು

ತುರಿಮಣೆಯ ಹಲ್ಲಿಗೆ ಹೆಬ್ಬೆರಳು ತಾಗಿ ಚುರ್ ಎಂದಿತು, ರಕ್ತ ಬರಲಿಲ್ಲ, ಬಂದರೂ ಬರಲಿ, ಕಾಯಿತುರಿಗೆ ಬಿದ್ದು ಎಲ್ಲರ ಹೊಟ್ಟೆಗೂ ಹೋಗಲಿ — ಹಜಾರದಲ್ಲಿ ಕುಣಿಗಲ್ಲಿನ ಅತ್ತಿಗೆ ಸರ್ವಮಂಗಳ ಬಂದು ಕೂತಿದ್ದಾರೆ, ಗಂಡನ ಅಕ್ಕ, ಮೂರು ಹೆತ್ತ ಮಹಾತಾಯಿ, ಭಾನುವಾರವೇ ಬರಬೇಕು, ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಬೇಕು, ಏನ್ ಪ್ರಮೀಳಾ, ಇನ್ನೂ ಏನೂ ವಿಶೇಷ ಇಲ್ವಾ, ಸಿಂಚುಗೆ ಏಳು ತುಂಬ್ತು ಕಣೇ. ವಿಶೇಷವಂತೆ ವಿಶೇಷ. ಪ್ರಮೀಳೆಯ ಕೈ ಕಾಯಿಹೋಳನ್ನು ಒತ್ತಿ ಒತ್ತಿ ತಿರುಗಿಸುತ್ತಿದೆ, ಕರಟದ ಪುಡಿ ಉದುರಿದರೂ ನಿಲ್ಲುತ್ತಿಲ್ಲ. ಸಿಂಚು, ಬಾರೇ ಇಲ್ಲಿ, ಬಗ್ಗಿ ನೋಡು ನೋಡಾಣ, ತಮ್ಮ ಬರ್ತಾನಾ — ಶುರುವಾಯಿತಲ್ಲ ಮತ್ತೆ, ಅವತ್ತು ಗುಬ್ಬಿ ಊರಿನ ಅತ್ತೆಮನೆಯಲ್ಲಿ ಸಿಂಚು ಇನ್ನೂ ಮಗು, ಆಗಷ್ಟೇ ನಡೆಯಲು ಕಲಿತಿತ್ತು, ಅಂಗಳದಲ್ಲಿ ತನ್ನಷ್ಟಕ್ಕೆ ಬಗ್ಗಿ ಕಾಲುಗಳ ನಡುವಿನಿಂದ ಹಿಂದಕ್ಕೆ ನೋಡಿ ನಕ್ಕಿತು, ತಲೆಕೆಳಗಾದ ಪುಟ್ಟ ಮುಖ, ಅತ್ತೆ ಪುಟ್ಟತಾಯಮ್ಮ ಮೊರ ಕೆಳಗಿಟ್ಟು, ತಮ್ಮನ್ನ ಕರೀತಾವ್ಳೆ ಕಣ್ರೇ ನನ್ ಕಂದ, ಮಗು ಹಿಂಗೆ ಬಗ್ಗಿ ನೋಡಿದ್ರೆ ಬೆನ್ನಿಗೇ ಇನ್ನೊಂದು ಬರ್ತದೆ, ಎಂದು ಅದರ ಬಾಯಿಗೆ ಸಕ್ಕರೆ ಹಾಕಿದ್ದರು, ಪ್ರಮೀಳೆಯೂ ಪೆದ್ದಿಯ ಹಾಗೆ ಹೊಟ್ಟೆ ಸವರಿಕೊಂಡು ನಕ್ಕಿದ್ದಳು.

ಯಾರೂ ಬರಲಿಲ್ಲ. ಡಾಕ್ಟರಮ್ಮ ಗರ್ಭದೊಳಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಸಿದ ದಿನ ಹಲ್ಲು ಕಚ್ಚಿ ಮಲಗಿದ್ದಳು, ಇಂಜೆಕ್ಷನ್ನು, ಮಾತ್ರೆ, ಊರ್ಡಿಗೆರೆಯ ನಾಟಿ ಕಷಾಯ, ಎಲ್ಲ ಇವಳ ಮೈಗೇ, ಕೊನೆಗೆ ಡಾಕ್ಟರಮ್ಮ, ನಿಮ್ಮಲ್ಲೇನೂ ತೊಂದ್ರೆ ಕಾಣ್ತಿಲ್ಲಮ್ಮ, ಯಜಮಾನ್ರನ್ನ ಒಂದ್ಸಲ ಕರ್ಕೊಂಡ್ ಬನ್ನಿ — ಯಜಮಾನರು ಬರುತ್ತಾರೆಯೇ, ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಮೆಷಿನ್ನು ನಿಂತರೆ ಒಂದೊಂದು ನಟ್ಟನ್ನೂ ಬಿಚ್ಚಿ ನೋಡುವ ಅನಂತರಾಜು ತನ್ನ ಸರದಿ ಬಂದಾಗ ತಟ್ಟೆ ತಳ್ಳಿ ಎದ್ದಿದ್ದ, ನಂಗ್ಯಾಕೆ ಟೆಸ್ಟು, ಸಿಂಚು ಏನ್ ಆಕಾಶದಿಂದ ಉದುರಿದ್ಲಾ, ಒಂದು ಹುಟ್ಸಿದೋನಿಗೆ ಟೆಸ್ಟಾ, ಫ್ಯಾಕ್ಟ್ರೀಲಿ ಗೊತ್ತಾದ್ರೆ ನನ್ ಮಾನ ಏನಾಗ್ಬೇಕು. ಅವನ ಮಾನ. ಅದೇ ಸಿಂಚು ಇವಳ ಹೊಟ್ಟೆಯಿಂದ ಬಂದದ್ದಲ್ಲವೇ, ಅವನಿಗಾದರೆ ಆ ಮಗಳೊಂದು ಸರ್ಟಿಫಿಕೇಟು, ಇವಳ ಪಾಲಿಗೆ ಮಾತ್ರ ಯಾರೂ ಅವಳನ್ನು ಲೆಕ್ಕಕ್ಕೇ ಹಿಡಿಯರು, ಹೆತ್ತದ್ದನ್ನೇ ಮರೆತು ಬಂಜೆಯನ್ನು ನೋಡುವ ಹಾಗೆ ನೋಡುತ್ತಾರೆ, ಥೂ. ಈಗಲೂ ಹಜಾರದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾನೆ, ಅಕ್ಕ ಆಡಿದ್ದೆಲ್ಲ ಕಿವಿಗೆ ಬೀಳುತ್ತಿದೆ, ಒಂದು ಮಾತು, ಡಾಕ್ಟರು ನನ್ನನ್ನೇ ಬರಹೇಳಿದ್ದಾರೆ ಅಕ್ಕಾ ಅಂತ ಒಂದೇ ಮಾತು ಅಂದರಾಗದೇ, ಪುಟ ತಿರುವುತ್ತಾನೆ.

ಅವತ್ತು ಗುಬ್ಬೀಲಿ ಇವ್ಳು ಬಗ್ಗಿದೋಳು ಅರ್ಧಕ್ಕೇ ಎದ್ಬುಟ್ಲು ಕಣೋ ಅನಂತು, ಅದಕ್ಕೇ ತಮ್ಮ ಬರೋದು ನಿಂತೋಯ್ತು, ಈಗ್ಲಾದ್ರೂ ಸರಿಯಾಗಿ ಬಗ್ಗೇ ಸಿಂಚು — ಏನಂದರು, ತಪ್ಪು ಈಗ ಮಗುವಿನ ತಲೆಗೆ ಬಂತೇ, ಪ್ರಮೀಳೆ ತುರಿಮಣೆ ಒದ್ದು ಎದ್ದಳು, ಅಡುಗೆಮನೆ ಬಾಗಿಲಲ್ಲಿ ನಿಂತಳು, ಎದ್ದೇಳೇ, ಸಾಕು, ಎದ್ದೇಳು ಅಂದ್ನಲ್ಲ. ತಡಿಯಮ್ಮ, ಈ ಸಲ ಪೂರ್ತಿ ಬಗ್ಗಿದೀನಿ. ಕಾಣ್ತಾನೇನೇ ತಮ್ಮ, ಅತ್ತಿಗೆ ಮುಂದಕ್ಕೆ ಬಾಗಿ ಕೇಳುತ್ತಿದ್ದಾರೆ. ಇಲ್ಲ ಅತ್ತೆ, ಹಿಂದೆ ಅಪ್ಪ ಒಬ್ರೇ ಕಾಣ್ತವ್ರೆ. ಪೇಪರ್ ಮೆಲ್ಲಗೆ ಮೇಲೇರಿ ಅವನ ಮುಖ ಮುಚ್ಚಿತು, ಮುಚ್ಚಿಕೋ, ಚೆನ್ನಾಗಿ ಮುಚ್ಚಿಕೋ, ನಿನ್ನ ಮಗಳು ಇನ್ನೂ ಎದ್ದಿಲ್ಲ, ಎರಡೂ ಕಾಲುಗಂಟು ಹಿಡಿದುಕೊಂಡಿದ್ದಾಳೆ, ಜಡೆ ನೆಲ ಮುಟ್ಟಿದೆ, ತಲೆಕೆಳಗಾದ ಮುಖಕ್ಕೆ ರಕ್ತ ಇಳಿದು ಕೆಂಪಾಗುತ್ತಿದೆ, ಆ ಮುಖ, ಕೆಂಪು, ಇನ್ನೂ ಕೆಂಪು, ಏಳುತ್ತಿಲ್ಲ.