ತಕರಾರಮ್ಮನ ಕಕ್ಷಿದಾರ

ಆ ವಿಶ್ವವಿದ್ಯಾಲಯದ ಮುಖ್ಯ ವಕೀಲೆಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗುಮಾಸ್ತರಿಂದ ಹಿಡಿದು ಡೀನುಗಳವರೆಗೆ ಎಲ್ಲರ ಬಾಯಲ್ಲೂ ಅವಳು ತಕರಾರಮ್ಮ. ಅವಳ ಮೇಜಿಗೆ ಹೋದ ಯಾವ ಕಡತವೂ ಒಂದು ತಕರಾರು ಅಂಟಿಸಿಕೊಳ್ಳದೆ ವಾಪಸು ಬರುತ್ತಿರಲಿಲ್ಲ, ಅದಕ್ಕೆ. ಅಲ್ಲ, ಅರ್ಧ ಲಕ್ಷ ವಿದ್ಯಾರ್ಥಿಗಳಿರುವ ಕಡೆ, ದಿನ ಬೆಳಗಾದರೆ ಒಬ್ಬರಲ್ಲ ಒಬ್ಬರು ಕೋರ್ಟಿಗೆ ಎಳೆಯುವ ಕಡೆ, ತಕರಾರು ತೆಗೆಯದೆ ಬೆನ್ನು ತಟ್ಟಿ ಕಳಿಸಬೇಕಿತ್ತೇ?

ಅವಳಿಗೊಂದು ಅಭ್ಯಾಸವಿತ್ತು. ಕೋಣೆಗೆ ಬಂದು ಕೂತವರು ಯಾರೇ ಆಗಲಿ, ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದಳು: “ನಾನು ವಿಶ್ವವಿದ್ಯಾಲಯದ ವಕೀಲೆ, ನಿಮ್ಮ ವಕೀಲೆ ಅಲ್ಲ. ನೀವು ಹೇಳಿದ್ದು ನಿಮ್ಮ ಗುಟ್ಟಾಗಿ ಉಳಿಯಲ್ಲ, ವಿಶ್ವವಿದ್ಯಾಲಯಕ್ಕೆ ಸೇರುತ್ತೆ. ಈಗ ಹೇಳಿ.” ಇದನ್ನು ಕೇಳಿ ಎಷ್ಟೋ ಜನ ಬಂದ ಕಾಲಲ್ಲೇ ಹಿಂದಿರುಗಿದ್ದುಂಟು. ಹೋಗುವವರು ಹೋಗಲಿ ಎಂದೇ ಅವಳು ಹೇಳುತ್ತಿದ್ದುದು.

ಈ ಸಲ ಕೋರ್ಟು ಹತ್ತಿದವಳು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ರಜೆಯ ದಿನ ಲ್ಯಾಬಿನಲ್ಲಿ ಹೊಗೆ ತುಂಬಿಕೊಂಡು, ದಾರಿ ಕಾಣದೆ ತಡಕಾಡುವಾಗ ಗಾಜಿನ ಪಾತ್ರೆ ಸಿಡಿದು, ಹುಡುಗಿಯ ಎಡಗಣ್ಣು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದರೆ ಅಲ್ಲಿ ಕುಲಪತಿಗಳ ಆದೇಶ ಕಾದು ಕೂತಿತ್ತು: ಮುಚ್ಚಿದ್ದ ಲ್ಯಾಬಿಗೆ ಕಳ್ಳ ಕೀಲಿ ಹಾಕಿ ನುಗ್ಗಿದ್ದಾಳೆ, ಆದ್ದರಿಂದ ವಜಾ. ಕಣ್ಣೂ ಹೋಯಿತು, ಓದೂ ಹೋಯಿತು, ಮೇಲೆ ಕಳ್ಳಿ ಎಂಬ ಬಿರುದು ಬೇರೆ. ಆ ಆದೇಶ ರದ್ದಾಗಬೇಕು ಎಂದು ಅವಳು ಕೇಳಿದ್ದಳು. ವಿಶ್ವವಿದ್ಯಾಲಯದ ಪರವಾಗಿ ಉತ್ತರ ಕೊಡಬೇಕಾದವಳು ತಕರಾರಮ್ಮ.

ಲ್ಯಾಬಿನ ಮುಖ್ಯಸ್ಥರನ್ನು ಕರೆಸಿದಳು. ಅವರು ಅವಳ ಮೊದಲ ಮಾತು ಕೇಳಿದ್ದೇ ತಡ, ಬೆವರು ಒರೆಸಿಕೊಂಡು ಎದ್ದು ಹೋದರು. ಅದರ ಮರುದಿನವೇ ಕುಲಪತಿಗಳು ತಾವಾಗಿಯೇ ಅವಳ ಕೋಣೆಗೆ ಬಂದು, ಬಾಗಿಲು ಮುಚ್ಚಿಕೊಂಡು ಕೂತರು.

“ಏನಮ್ಮ, ಕೋರ್ಟಿಗೆ ಇನ್ನೂ ಉತ್ತರ ಹಾಕಿಲ್ವಂತೆ?”

“ಸಾರ್, ನಾನು ವಿಶ್ವವಿದ್ಯಾಲಯದ ವಕೀಲೆ, ನಿಮ್ಮ ವಕೀಲೆ ಅಲ್ಲ. ನೀವು ಹೇಳಿದ್ದು...”

ಕುಲಪತಿಗಳು ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ಅದನ್ನೆಲ್ಲ ಗುಮಾಸ್ತರಿಗೆ ಹೇಳು. ನಿನ್ನನ್ನ ಈ ಕುರ್ಚೀಲಿ ಕೂರಿಸಿದ್ದೇ ನಾನು.”

“ಆದ್ರೂ ಹೇಳಿದೀನಿ. ಕೇಳಿಸ್ತು ತಾನೇ?”

“ಕೇಳಿಸ್ತು ಮಾರಾಯ್ತಿ, ಕೇಳಿಸ್ತು.”

“ಹಾಗಾದ್ರೆ ಇದೊಂದು ಹೇಳಿ. ಮುಚ್ಚಿದ್ದ ಲ್ಯಾಬಲ್ಲಿ ಬರ್ನರಿಗೆ ಗ್ಯಾಸು ಯಾಕೆ ಹರೀತಿತ್ತು?”

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ನಿನ್ನ ಹತ್ರ ಮುಚ್ಚುಮರೆ ಯಾಕೆ? ಲ್ಯಾಬ್ ಮುಚ್ಚಿರ್ಲಿಲ್ಲ. ಹೊಗೆ ಎಳೆಯೋ ಫ್ಯಾನು ಕೆಟ್ಟಿದೆ, ಬೀಗ ಹಾಕೋಣ ಅಂತ ಮುಖ್ಯಸ್ಥ ಬಂದು ಗೋಗರೆದ. ಪರಿಶೀಲನೆಗೆ ಸಮಿತಿ ಬರ್ತಿದೆ, ಅವರಿಗೆ ಬೀಗ ತೋರಿಸ್ಲಾ? ರಜೆ ಆದ್ರೂ ಹುಡುಗರನ್ನ ಕರೆಸು, ಕೆಲಸ ನಡೀತಿರೋ ಹಾಗೆ ಕಾಣ್ಲಿ ಅಂದೆ. ಹಿಂಗಾಗುತ್ತೆ ಅಂತ ಯಾರು ಕನಸು ಕಂಡಿದ್ರು?”

“ಮತ್ತೆ ಆ ಕಳ್ಳ ಕೀಲಿ?”

“ಅದು... ಏನಾದ್ರೂ ಒಂದು ಹೇಳ್ಬೇಕಿತ್ತಲ್ಲ.”

ಏನಾದ್ರೂ ಒಂದು! ತಕರಾರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೈದರ ಹುಡುಗಿಯ ಬದುಕು ಈ ಮನುಷ್ಯನಿಗೆ ಏನಾದ್ರೂ ಒಂದು. ಕುಲಪತಿಗಳು ಮಾತ್ರ ಹಗುರಾಗಿ ಎದ್ದು ನಿಂತರು. “ವಕೀಲರ ಹತ್ರ ಹೇಳಿದ್ದು ಹೊರಗೆ ಹೋಗಲ್ಲ, ಅದೊಂದು ನೆಮ್ಮದಿ. ಬೇಗ ಉತ್ತರ ಹಾಕು,” ಎಂದು ಹೊರಟರು.

ಅಷ್ಟು ಓದಿದ ಮನುಷ್ಯ ಎಡವಿದ್ದು ನೋಡಿ ಎಲ್ಲಿ! ಕಕ್ಷಿದಾರ ಹೇಳಿದ್ದನ್ನು ವಕೀಲರು ಗುಟ್ಟಾಗಿಡಬೇಕು, ಒಪ್ಪೋಣ. ಆದರೆ ಇಲ್ಲಿ ಕಕ್ಷಿದಾರ ಯಾರು? ವಿಶ್ವವಿದ್ಯಾಲಯ. ಕುರ್ಚಿಯಲ್ಲಿ ಬಹಳ ದಿನ ಕೂತ ಕುಲಪತಿಗಳು ತಾವೇ ವಿಶ್ವವಿದ್ಯಾಲಯ ಅಂದುಕೊಂಡಿದ್ದರು. ಅವಳು ಈ ವಿಷಯವನ್ನು ಪತ್ರಿಕೆಗೆ ಹೇಳುವಂತಿಲ್ಲ, ಹುಡುಗಿಗೆ ಹೇಳುವಂತಿಲ್ಲ, ಮನೆಯಲ್ಲಿ ಗಂಡನ ಹತ್ತಿರ ಸಹ ಹೇಳುವಂತಿಲ್ಲ. ಆದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಹೇಳಬಹುದು. ಹೇಳಲೇಬೇಕು. ಕುಲಪತಿಗಳ ಮೇಲೆ ಇರುವುದು ಆ ಮಂಡಳಿಯೊಂದೇ.

ಆ ಸಂಜೆ ಊಟಕ್ಕೆ ಕೂತಾಗ ಅವಳು ಹೇಳಿದ್ದು ಇಷ್ಟೇ: “ನನ್ನ ಕೆಲಸ ಹೋಗಬಹುದು.”

ಗಂಡ ಹಲ್ಲಿನ ಡಾಕ್ಟರು. ಊರಿನವರ ಬಾಯಿ ತೆರೆಸುವುದೇ ಕಸುಬಾದರೂ ಹೆಂಡತಿಗೆ ಮಾತ್ರ ಬಾಯಿ ಮುಚ್ಚು ಎನ್ನುತ್ತಿದ್ದ ಆಸಾಮಿ. “ಯಾರನ್ನ ಎದುರು ಹಾಕ್ಕೊಂಡೆ? ಸ್ವಲ್ಪ ನೋಡೀನೋಡದ ಹಾಗೆ ಇರೋಕೆ ಏನು ಕಷ್ಟ ನಿಂಗೆ?”

“ಕಷ್ಟಾನೇ. ಇರೋಕೆ ಬರಲ್ಲ ನಂಗೆ.”

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹೋದ್ರೆ ಹೋಗ್ಲಿ ಬಿಡೋ. ಹಗಲು ಹೊತ್ತು ಜಗಳ ಆಡೋಕೆ ನಂಗೂ ಯಾರೂ ಇಲ್ಲ.” ಸೊಸೆಗೆ ನಗು ತಡೆಯಲಾಗಲಿಲ್ಲ. ಅವತ್ತು ಅವಳು ನಕ್ಕಿದ್ದು ಅದೊಂದೇ ಸಲ.

ಅವಳು ಬರೆದ ಪತ್ರದ ಮೇಲೆ ಮಂಡಳಿಯ ತುರ್ತು ಸಭೆ ಸೇರಿತು. ಅಧ್ಯಕ್ಷೆ ನಿವೃತ್ತ ಶಸ್ತ್ರವೈದ್ಯೆ, ಮಾತು ಕಡಿಮೆ. ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ, ಗೋಡೆಯ ತುಂಬ ಹಳೆಯ ಕುಲಪತಿಗಳ ಗಂಟುಮುಖಗಳು. ತಕರಾರಮ್ಮ ನಿಂತುಕೊಂಡೇ, ಕುಲಪತಿಗಳು ತನ್ನ ಕೋಣೆಯಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಕುಲಪತಿಗಳ ಮುಖ ಕೆಂಡವಾಯಿತು. “ದ್ರೋಹ! ವಕೀಲೆ ಅಂತ ನಂಬಿ ಹೇಳಿದ್ದನ್ನ ಇಲ್ಲಿ ತಂದು ಸುರೀತಾಳಲ್ಲ!”

“ನಿಮ್ಮ ವಕೀಲೆ ಅಲ್ಲ ಅಂತ ಮೊದಲೇ ಹೇಳಿದ್ದೆ. ಕೇಳಿಸ್ತು ಅಂದ್ರಿ.”

“ಅದು ಗುಮಾಸ್ತರಿಗೆ ಹೇಳೋ ಮಾತು!”

“ಹೌದು ಸಾರ್. ನಿಮಗೂ ಅದನ್ನೇ ಹೇಳಿದೆ.”

ಅಧ್ಯಕ್ಷೆ ಕುಲಪತಿಗಳ ಕಡೆ ತಿರುಗಿದರು. “ಅವರು ಹೇಳಿದ್ದು ಸುಳ್ಳಾ?” ಕುಲಪತಿಗಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು.

ಆಗ ಒಬ್ಬ ಸದಸ್ಯರು, ದೊಡ್ಡ ಉದ್ಯಮಿ, ಗಂಟಲು ಸರಿಮಾಡಿಕೊಂಡರು. “ಸರಿಯಮ್ಮ, ನೀವು ವಿಶ್ವವಿದ್ಯಾಲಯದ ವಕೀಲೆ, ಅಂದ್ರೆ ನಾವೇ ನಿಮ್ಮ ಕಕ್ಷಿದಾರರು. ವಿಶ್ವವಿದ್ಯಾಲಯದ ಮರ್ಯಾದೆ ಪ್ರಶ್ನೆ. ಲ್ಯಾಬ್ ಮುಚ್ಚಿತ್ತು ಅಂತಲೇ ಕೋರ್ಟಲ್ಲಿ ಹೇಳಿ. ಇದು ನಮ್ಮ ಸೂಚನೆ ಅಂದ್ಕೊಳ್ಳಿ.”

ತಕರಾರಮ್ಮ ನೇರ ಅವರ ಕಡೆ ತಿರುಗಿದಳು. “ನಿಮ್ಮ ಪರ ಮೈಕೈ ಹಣ್ಣಾಗೋವರೆಗೆ ವಾದ ಮಾಡ್ತೀನಿ. ಸುಳ್ಳು ಹೇಳಲ್ಲ. ಹೇಳೋರು ಬೇಕಿದ್ರೆ ಬೇರೆ ವಕೀಲರನ್ನ ಹುಡುಕಿ. ನಾನು ಬಾಯಿ ಮುಚ್ಕೊಂಡು ಹೊರಗೆ ಹೋಗ್ತೀನಿ, ಯಾರಿಗೂ ಏನೂ ಹೇಳಲ್ಲ, ಅದು ನನ್ನ ಧರ್ಮ. ಆದ್ರೆ ಒಂದು ತಿಳ್ಕೊಳ್ಳಿ. ಇಷ್ಟು ದಿನ ಸುಳ್ಳು ಅವರೊಬ್ಬರದಾಗಿತ್ತು. ಈಗ ಎಲ್ಲರೂ ಕೇಳಿಸ್ಕೊಂಡಿದೀರಿ. ನಮಗೆ ಗೊತ್ತಿರ್ಲಿಲ್ಲ ಅನ್ನೋಕೆ ಇನ್ನು ಯಾರಿಗೂ ಬರಲ್ಲ.”

“ಹಾಗಾದ್ರೆ ರಾಜೀನಾಮೆ ಕೊಟ್ಟು ಹೋಗಿ!” ಎಂದರು ಉದ್ಯಮಿ.

“ನಾನ್ಯಾಕೆ ಕೊಡ್ಲಿ? ತಪ್ಪು ಮಾಡಿದೀನಾ? ಬೇಕಾದ್ರೆ ನೀವೇ ತೆಗೀರಿ. ಕೋರ್ಟಲ್ಲಿ ಸುಳ್ಳು ಹೇಳಲ್ಲ ಅಂದ್ಳು, ಅದಕ್ಕೆ ತೆಗೆದ್ವಿ ಅಂತ ಕಾರಣ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.”

ಸಹಿ ಎಂದ ಕೂಡಲೇ ಉದ್ಯಮಿ ಮೆತ್ತಗಾದರು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ನಲವತ್ತು ವರ್ಷ ಕತ್ತರಿ ಹಿಡಿದವಳು. ಕೊಳೆತದ್ದನ್ನ ಒಳಗೇ ಬಿಟ್ಟು ಹೊಲಿಗೆ ಹಾಕಿ ಅಂದ್ರೆ ನನ್ನ ಕೈಲಾಗಲ್ಲ. ಮತಕ್ಕೆ ಹಾಕ್ತೀನಿ.” ಕೈಗಳು ಒಂದೊಂದಾಗಿ ಮೇಲೆದ್ದವು. ಒಂದೇ ಒಂದು ಕೈ ಹೆಚ್ಚಿಗೆ ಬಂದು ನಿಜದ ಕಡೆ ತೀರ್ಮಾನವಾಯಿತು. ಆ ಕೈ ಅಧ್ಯಕ್ಷೆಯದು.

ಕೋರ್ಟಿನ ದಿನ ಹುಡುಗಿ ಮೊಗಸಾಲೆಯಲ್ಲೇ ಅಡ್ಡ ನಿಂತಳು. “ನೀವೇ ಅಲ್ವಾ ಅವರ ವಕೀಲೆ? ಒಂದು ವರ್ಷದಿಂದ ಕಳ್ಳಿ, ಕಳ್ಳಿ ಅಂತಿದೀರಲ್ಲ, ರಾತ್ರಿ ನಿದ್ದೆ ಬರುತ್ತಾ ನಿಮಗೆ?” ಎದುರು ಪಕ್ಷದವರ ಜೊತೆ, ಅವರ ವಕೀಲರಿಲ್ಲದೆ, ಪ್ರಕರಣದ ಒಂದು ಮಾತೂ ಆಡುವಂತಿಲ್ಲ. “ಒಳಗೆ ಬಾಮ್ಮ,” ಎಂದಷ್ಟೇ ಹೇಳಿ ತಕರಾರಮ್ಮ ಮುಂದೆ ನಡೆದಳು. ಬೆನ್ನ ಹಿಂದೆ ಹುಡುಗಿ ಥೂ ಎಂದದ್ದು ಕೇಳಿಸಿತು. ಸಂಕಟವಾಯಿತು. ಆಗದೆ ಇರುತ್ತದೆಯೇ?

ಪ್ರಕರಣ ಕೂಗಿದರು. ತಕರಾರಮ್ಮ ಎದ್ದು ನಿಂತಳು. “ಸ್ವಾಮಿ, ಆ ದಿನ ಲ್ಯಾಬ್ ತೆರೆದಿತ್ತು. ಫ್ಯಾನು ಕೆಟ್ಟಿದ್ದು ಗೊತ್ತಿದ್ದೂ ತೆರೆಸಿದ್ದು ವಿಶ್ವವಿದ್ಯಾಲಯ. ಈ ವಿದ್ಯಾರ್ಥಿನಿ ನುಗ್ಗಿಲ್ಲ, ನಾವು ಕರೆಸಿದ್ದಕ್ಕೆ ಬಂದಿದ್ರು. ವಜಾ ಆದೇಶ ವಾಪಸು ತಗೊಳ್ತಿದೀವಿ.”

ನ್ಯಾಯಾಧೀಶರ ಪೆನ್ನು ನಿಂತಿತು. ಹುಡುಗಿ ಎದ್ದಳು, ಅವಳ ವಕೀಲರು ತೋಳು ಹಿಡಿದು ಎಳೆದರೂ ಕೂರಲಿಲ್ಲ. “ಇನ್ನೊಂದ್ಸಲ ಹೇಳಿ. ಜೋರಾಗಿ ಹೇಳಿ. ನಮ್ಮಮ್ಮ ಹಿಂದೆ ಕೂತಿದಾರೆ.”

ತಕರಾರಮ್ಮ ನ್ಯಾಯಪೀಠಕ್ಕೆ ಬೆನ್ನು ಮಾಡಿ ತಿರುಗಿದಳು.

“ವಕೀಲರೇ, ಈ ಕಡೆ ನೋಡಿ ಮಾತಾಡಿ,” ಎಂದರು ನ್ಯಾಯಾಧೀಶರು.

“ಒಂದೇ ನಿಮಿಷ ಸ್ವಾಮಿ. ಆಮೇಲೆ ಏನು ಶಿಕ್ಷೆ ಬೇಕಾದ್ರೂ ಕೊಡಿ.” ಕೊನೆಯ ಬೆಂಚಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದ ಹೆಂಗಸಿಗೆ ಇಡೀ ಕೋಣೆ ಕೇಳುವಂತೆ ಹೇಳಿದಳು: “ನಿಮ್ಮ ಮಗಳು ಕಳ್ಳಿ ಅಲ್ಲ ತಾಯಿ. ಬಾಗಿಲು ತೆಗೆದು ಕರೆದೋರು ನಾವು. ಸುಳ್ಳು ಹೇಳಿದೋರೂ ನಾವೇ.”

ಆ ತಾಯಿ ಎದ್ದು ನಿಂತರು. ಅಳಲಿಲ್ಲ, ಕೈ ಮುಗಿಯಲೂ ಇಲ್ಲ. “ನಂಗೆ ಮೊದಲಿಂದ್ಲೂ ಗೊತ್ತಿತ್ತು. ಇವಳಪ್ಪ ನಂಬ್ಲಿಲ್ಲ. ಮಗಳ ಜೊತೆ ಮಾತು ಬಿಟ್ಟು ವರ್ಷ ಆಯ್ತು. ಮನೆಗೆ ಬಂದು ಅವರ ಮುಂದೆ ಇದೇ ಮಾತು ಹೇಳ್ತೀರಾ?”

ತಕರಾರಮ್ಮ ಹುಡುಗಿಯ ವಕೀಲರ ಮುಖ ನೋಡಿದಳು. ಅವರು ಆಗಲಿ ಎಂದು ತಲೆಯಾಡಿಸಿದರು.

“ಬರ್ತೀನಿ,” ಎಂದಳು. “ಇವತ್ತೇ ಬರ್ತೀನಿ.”