ಮೊದಲು ಒಂದು ಸಣ್ಣ ಸುತ್ತು

ವಿಂಗ್‌ಚೋಯ್ ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮರುದಿನ ಅವನ ಹೆಂಡತಿ ಯುಕ್‌ಹಿಂಗ್ ದೋಣಿಕಟ್ಟೆಯ ಚಹಾ ಅಂಗಡಿಗೆ ಹೋಗಿ ಅವನ ಸ್ಟೂಲಿನ ಪಕ್ಕ ನಿಂತಳು. ಆ ಸ್ಟೂಲಿಗೆ ಹಗ್ಗ ಹೊಸೆಯುವ ಲೋಕ್ ಆಗಲೇ ಕಣ್ಣು ಹಾಕಿದ್ದ.

"ಈ ಜಾಗ ನಂಗೆ ಬೇಕು ಫೂಕಣ್ಣ," ಅಂದಳು.

ಮೇಜಿನ ಹಿರಿಯ ಫೂಕ್ ತಲೆಯೆತ್ತಿದ. ಅವನ ಎಡಬಲಕ್ಕೆ ಕೂತಿದ್ದ ಕಮ್ಮಾರ ಅಣ್ಣತಮ್ಮಂದಿರು ಚಹಾ ಬಟ್ಟಲಲ್ಲಿ ಮುಖ ಹುದುಗಿಸಿದರು.

"ಅಲ್ಲ ಅತ್ತಿಗೆ, ಹೆಂಗಸ್ರು ಇಲ್ಲಿ ಯಾವತ್ತು ಕೂತಿದ್ರು?"

"ಕೂತಿಲ್ಲ. ನಿಂತಿದೀನಿ, ಮೂವತ್ತು ವರ್ಷ."

ಅದು ಸುಳ್ಳಲ್ಲ. ಗಂಡನಿಗೆ ದಿನಾ ಮಧ್ಯಾಹ್ನ ಸೂಪು ತಂದು, ಅವನು ಕುಡಿದು ಮುಗಿಸುವ ತನಕ ಬೆನ್ನ ಹಿಂದೆ ನಿಂತು ಎಲೆಯಾಟ ನೋಡಿದವಳು ಅವಳು. ಈಗ ಸೂಪು ಕುಡಿಯುವವನಿಲ್ಲ. ಬೆಳಿಗ್ಗೆ ಕೋಳಿ, ಸೊಪ್ಪಿನ ಮಡಿ ಅಂತ ಹೊತ್ತು ಹೋಗುತ್ತಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಅವನ ಚಪ್ಪಲಿ ನೋಡಿದರೆ ಅಳು, ನೋಡದಿದ್ದರೂ ಅಳು.

ಫೂಕ್ ಗಡ್ಡ ಕೆರೆದುಕೊಂಡ. "ಒಂದೇ ಆಟ. ಕೊನೇ ಸುತ್ತು ನೀನು ಗೆದ್ರೆ ಜಾಗ ನಿಂದು. ಇಲ್ಲಾಂದ್ರೆ ಲೋಕ್‌ದು."

ಮೂವತ್ತೆರಡು ನೀಳ ಎಲೆಗಳು, ತಲೆಗೆ ಎಂಟು. ಇಪ್ಪತ್ತೆರಡು ಎಲೆಗಳು ಪಂಡಿತರು, ಹತ್ತು ಸಿಪಾಯಿಗಳು. ಪಂಡಿತನನ್ನು ದೊಡ್ಡ ಪಂಡಿತನೇ ಹೊಡೆಯಬೇಕು, ಸಿಪಾಯಿಯನ್ನು ದೊಡ್ಡ ಸಿಪಾಯಿಯೇ. ಆಗದವನು ಇಲ್ಲವೇ ಬೇಡವೆನ್ನುವವನು ಒಂದು ಎಲೆಯನ್ನು ಬೋರಲು ಹಾಕಿ ಸುಮ್ಮನಿರಬೇಕು. ಆಟ ಗೆಲ್ಲುವವನು ಎಂಟನೆಯ ಸುತ್ತು ಗೆದ್ದವನು. ಮೊದಲಿನ ಏಳು ಅವನದಾಗದಿದ್ದರೂ ಚಿಂತೆಯಿಲ್ಲ ಅಂತ ಅವಳು ತಿಳಿದಿದ್ದಳು.

ಯುಕ್‌ಹಿಂಗ್ ಎಲೆ ಬಿಡಿಸಿ ನೋಡಿದಳು. ಹನ್ನೆರಡು ಚುಕ್ಕೆಯ 'ಆಕಾಶ' ಎಲೆ ಬಂದಿತ್ತು. ಪಂಡಿತರಲ್ಲಿ ಅದರ ಮೇಲೆ ಎಲೆಯಿಲ್ಲ. ಅದನ್ನು ತುದಿಗೆ ಸರಿಸಿಟ್ಟಳು.

ಐದನೆಯ ಸುತ್ತಿನಲ್ಲಿ ಫೂಕ್ ಒಂದು ಪುಟ್ಟ ಪಂಡಿತನನ್ನು ಇಳಿಸಿದ. ಅದನ್ನು ಹೊಡೆಯುವ 'ಮನುಷ್ಯ' ಎಲೆ ಅವಳಲ್ಲಿತ್ತು. ಇಷ್ಟು ಸಣ್ಣದಕ್ಕೆ ಅದನ್ನೇಕೆ ಕಳೆಯಬೇಕು ಅಂದುಕೊಂಡು ಕೆಲಸಕ್ಕೆ ಬಾರದ ಸಿಪಾಯಿಯೊಂದನ್ನು ಬೋರಲು ಹಾಕಿದಳು. ಏಳನೆಯದರಲ್ಲಿ ದೊಡ್ಡ ಕಮ್ಮಾರ ಸಿಪಾಯಿ ಇಳಿಸಿದಾಗ ಆ 'ಮನುಷ್ಯ'ನೂ ಬೋರಲು ಹೋದ. ಹೋಗಲಿ, ಆಕಾಶ ಇದೆಯಲ್ಲ.

ಕೊನೆಯ ಸುತ್ತು. ದೊಡ್ಡ ಕಮ್ಮಾರ ಪುಟ್ಟ ಪಂಡಿತನನ್ನು ಇಳಿಸಿದ. ಫೂಕ್ ಇನ್ನೊಂದು 'ಮನುಷ್ಯ'ನಿಂದ ಹೊಡೆದ. ಚಿಕ್ಕ ಕಮ್ಮಾರ ಬೋರಲು ಹಾಕಿದ. ಯುಕ್‌ಹಿಂಗ್ ಆಕಾಶವನ್ನು ಅಂಗಾತ ಇಟ್ಟು, ಕೂರಲು ಸ್ಟೂಲು ಎಳೆದುಕೊಂಡಳು.

ಫೂಕ್ ಒಂದೇ ಬೆರಳಿನಲ್ಲಿ ಅವಳ ಎಲೆಯನ್ನು ಬೋರಲು ಮಾಡಿದ.

"ಇದುವರೆಗೂ ಒಂದು ಸುತ್ತಾದ್ರೂ ಗೆದ್ದಿದೀಯಾ ಅತ್ತಿಗೆ?"

"ಇಲ್ಲ."

"ಹಂಗಾದ್ರೆ ಕೊನೇದೂ ಇಲ್ಲ. ಒಂದೂ ಗೆಲ್ಲದೋರಿಗೆ ಕೊನೇ ಸುತ್ತಿನಲ್ಲಿ ಹಕ್ಕಿಲ್ಲ. ಆಕಾಶಾನೇ ಇರ್ಲಿ, ಬೋರಲು ಹಾಕ್ಬೇಕು."

"ವಿಂಗ್‌ಚೋಯ್ ದಿನಾ ಮೊದಲಿಗೇ ಒಂದು ಸಣ್ಣ ಸುತ್ತು ಗೆದ್ದು, ಆ ಎಲೆ ಎತ್ತಿ ಎಡಗೈ ಪಕ್ಕ ಇಟ್ಕೊಳ್ತಿದ್ದ, ಕಂಡಿಲ್ವಾ?" ಅಂದ ಚಿಕ್ಕ ಕಮ್ಮಾರ.

ಕಂಡಿದ್ದಳು, ಸಾವಿರ ಸಲ. ಅದೇನೋ ಅವನ ಚಪಲ ಅಂದುಕೊಂಡಿದ್ದಳು. ಅವಳು ಸರಿದಳು; ಅಲ್ಲೇ ನಿಂತು ಆಟ ನೋಡುತ್ತಿದ್ದ ಲೋಕ್ ಮುಜುಗರದಿಂದಲೇ ಸ್ಟೂಲಿನ ಮೇಲೆ ಕೂತ.

ಮನೆಗೆ ಬಂದವಳು ಕಪಾಟು ತೆರೆದಳು. ಮದುವೆಯಲ್ಲಿ ಕೊಟ್ಟ ಪಿಂಗಾಣಿ ಬಟ್ಟಲುಗಳು, ಒಂದೂ ಬಳಸಿಲ್ಲ. ಹಬ್ಬಕ್ಕೆಂದು ಎತ್ತಿಟ್ಟು ಹಬ್ಬದಲ್ಲೂ ತೆಗೆಯದ ಚಹಾ ಡಬ್ಬಿ. ಫೊಶಾನ್ ಪಟ್ಟಣದಲ್ಲಿದ್ದ ಅವಳ ಅಕ್ಕನ ಮನೆಗೆ ಇಬ್ಬರೂ ಹೋಗಿ ಬರೋಣ ಅಂತ ವಿಂಗ್‌ಚೋಯ್ ಪ್ರತಿ ವರ್ಷ ಕರೆಯುತ್ತಿದ್ದ. ಕೆಲಸವೆಲ್ಲ ಮುಗಿಯಲಿ, ಆಮೇಲೆ ಹಾಯಾಗಿ ಹೋದರಾಯಿತು ಅನ್ನುತ್ತಿದ್ದಳು. ಅವಳು ಬಾಗಿಲಿಗೆ ಒರಗಿ ಚೆನ್ನಾಗಿ ಅತ್ತಳು. ಆಮೇಲೆ ಡಬ್ಬಿಯ ಮೇಣ ಕಿತ್ತು, ಪಿಂಗಾಣಿ ಬಟ್ಟಲಿನಲ್ಲಿ ಚಹಾ ಮಾಡಿಕೊಂಡು ಕುಡಿದಳು. ಹಳತಾಗಿ ಘಮ ಹೋಗಿತ್ತು. ಆದರೂ ಪೂರ್ತಿ ಕುಡಿದಳು.

ವಾರದೊಳಗೆ ಚಹಾ ಅಂಗಡಿಯ ಎದುರಿನ ಆಲದ ಕೆಳಗೆ ಇನ್ನೊಂದು ಮೇಜು ಬಿತ್ತು. ಮೊಟ್ಟೆ ಮಾರುವವಳು, ದರ್ಜಿಯ ಹೆಂಡತಿ, ಸೂಲಗಿತ್ತಿ ಮತ್ತು ಯುಕ್‌ಹಿಂಗ್. ಎಲೆಗಳು ವಿಂಗ್‌ಚೋಯ್‌ನವು. ಬಟ್ಟಲುಗಳು ಕಪಾಟಿನವು.

"ಎಲ್ಲಕ್ಕಿಂತ ದೊಡ್ಡ ಎಲೆ ಯಾವುದು, ಅದನ್ನ ಹೇಳಮ್ಮ ಮೊದ್ಲು," ಅಂದಳು ಸೂಲಗಿತ್ತಿ.

"ಅದು ಆಮೇಲೆ. ಮೊದ್ಲು ಒಂದು ಸಣ್ಣ ಸುತ್ತು ಗೆದ್ಕೋ. ಮಿಕ್ಕಿದ್ದು ನಿಧಾನಕ್ಕೆ ಹೇಳ್ತೀನಿ."

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಲೋಕ್ ಸೊಂಟ ಹಿಡಿದುಕೊಂಡು ಮನೆಯಲ್ಲೇ ಮಲಗಿದ. ಕಮ್ಮಾರರಿಬ್ಬರೂ ಕಾದು ಕಾದು ಕುಲುಮೆಗೆ ಹೋದರು. ಫೂಕ್ ರಸ್ತೆ ದಾಟಿ ಆಲದ ಕೆಳಗೆ ಬಂದ.

"ಅತ್ತಿಗೆ, ನಂಗೂ ಒಂದು ಕೈ ಹಾಕ್ತೀರಾ?"

"ಇಲ್ಲಿ ನಾಲ್ಕು ಜನ ಆಗಿದೀವಲ್ಲ ಫೂಕಣ್ಣ," ಅಂದಳು ಯುಕ್‌ಹಿಂಗ್, ಎಲೆಗಳಿಂದ ಕಣ್ಣು ತೆಗೆಯದೆ. ಗೆದ್ದ ಒಂದು ಸಣ್ಣ ಸುತ್ತು ಆಗಲೇ ಅವಳ ಎಡಗೈ ಪಕ್ಕದಲ್ಲಿತ್ತು.

ಫೂಕ್ ವಾಪಸ್ಸು ಹೋಗಲಿಲ್ಲ. ಹೋದರೆ ಅಲ್ಲಿ ಯಾರೂ ಇರಲಿಲ್ಲ. ಅವಳ ಬೆನ್ನ ಹಿಂದೆ ನಿಂತು ಐದು ಗಂಟೆಯ ತನಕ ಆಟ ನೋಡಿದ.