ಮೊಳೆ ಕಳಚಿದ ಮುದ್ರೆ

ನಾನು ಹವಳನಾಡಿನ ಗೃಹಮಂತ್ರಿಯ ಹಿತ್ತಾಳೆ ಮುದ್ರೆ. ಪೊಲೀಸು, ಸುಂಕ, ಸೆರೆಮನೆ ಮೂರೂ ನನ್ನ ಕೈಕೆಳಗೆ ಎಂದು ಹುಟ್ಟಿದ ದಿನವೇ ಬೀಗಿದ್ದೆ. ಎರಕ ಹೊಯ್ದ ಕಂಚುಗಾರ ನನ್ನ ಮುಖದ ಮೇಲೆ ‘ಪ್ರಜೆಗಳ ರಕ್ಷಣೆಗೆ’ ಎಂದು ಕೆತ್ತಿ, ಮೇಲ್ಭಾಗ ತಿಳಿಯಲೆಂದು ಹಿಡಿಗೊಂದು ತಾಮ್ರದ ಮೊಳೆ ಹೊಡೆದ. ದುಂಡಗಿನವರಿಗೆ ತಲೆ ಯಾವುದು, ಕಾಲು ಯಾವುದು, ನೀವೇ ಹೇಳಿ!

ಮಂತ್ರಿ ದುಗ್ಗಣ್ಣ ಅದರಿಂದಲೇ ಒಂದು ಗುಟ್ಟಿನ ಪದ್ಧತಿ ಮಾಡಿಕೊಂಡ. ಕಾಗದದಲ್ಲಿ ಯಾವಾಗಲೂ ‘ಬಿಡುಗಡೆ’ ಎಂದೇ ಇರುತ್ತಿತ್ತು. ಮುದ್ರೆ ನೆಟ್ಟಗಿದ್ದರೆ ಕೈದಿ ಮನೆಗೆ; ತಲೆಕೆಳಗಾಗಿದ್ದರೆ ಜೈಲಿನ ಹಿತ್ತಲಿಗೆ, ಗುಂಡೇಟಿಗೆ. “ಓದ್ಲಿಕ್ಕೆ ಹೋಗ್ಬೇಡಿ, ಮುದ್ರೆ ನೋಡಿದ್ರೆ ಸಾಕು” ಎಂದು ಜೈಲರನಿಗೆ ತಾಕೀತು ಮಾಡಿದ್ದ. ಒತ್ತುವ ಕೆಲಸ ಗುಮಾಸ್ತ ದೇಜಪ್ಪನದು. ಹೆಬ್ಬೆರಳಿನಿಂದ ಮೊಳೆ ತಡವಿ, ತಲೆ ಯಾವ ಕಡೆ ಎಂದು ತಿಳಿದು ಒತ್ತುತ್ತಿದ್ದ.

ಒಮ್ಮೆ ದೋಣಿ ನಡೆಸುವ ಕಾಂತಪ್ಪನನ್ನು ಎಳೆದು ತಂದರು. ಸುಂಕದವರ ಕಳ್ಳಸಾಗಣೆಯನ್ನು ಕಣ್ಣಾರೆ ಕಂಡದ್ದೇ ಅವನ ತಪ್ಪು. ಮಂತ್ರಿಯ ಎದುರೇ ಅವನ ಬೆರಳುಗಳನ್ನು ಒಂದೊಂದಾಗಿ ಮುರಿದರು. ದೇಜಪ್ಪ ತಡೆಯಲಾರದೆ, “ಬಿಡಿ ಮಾರಾಯ್ರೆ, ಅವ ಎಂತ ಮಾಡಿದ್ದಾನೆ?” ಎಂದುಬಿಟ್ಟ. ದುಗ್ಗಣ್ಣ ನನ್ನನ್ನೇ ಎತ್ತಿ ಅವನ ಮುಖಕ್ಕೆ ಬಾರಿಸಿದ. ದೇಜಪ್ಪನ ಬಲಗಣ್ಣು ಹೋಯಿತು, ನನ್ನ ಮೊಳೆಯೂ ಹಾರಿಹೋಯಿತು. ಆ ರಕ್ತದಲ್ಲೇ ನನ್ನನ್ನು ಅದ್ದಿ, ಕಾಂತಪ್ಪನ ಕಾಗದದ ಮೇಲೆ ತಾನೇ ತಲೆಕೆಳಗಾಗಿ ಒತ್ತಿದ. ಬಾಯಿದ್ದಿದ್ದರೆ ನಾನು ಕಿರುಚುತ್ತಿದ್ದೆ.

ಆಮೇಲೆ ದೇಜಪ್ಪ ಉಳಿದ ಒಂಟಿಗಣ್ಣಿನಿಂದ ಅಕ್ಷರ ನೋಡಿಯೇ ಒತ್ತುತ್ತಿದ್ದ. ಕ್ರಮೇಣ ಆ ಕಣ್ಣಿಗೂ ಪೊರೆ ಬಂತು. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ.

ಸರ್ಕಾರ ಬಿತ್ತು. ದುಗ್ಗಣ್ಣ ತನ್ನದೇ ಜೈಲು ಸೇರಿದ. ಕೆಲವು ತಿಂಗಳಾದ ಮೇಲೆ ಹೊಸ ಮಂತ್ರಿ ಅವನ ಬಿಡುಗಡೆಗೆ ಸಹಿ ಹಾಕಿದರು, ನಿಜವಾದ ಬಿಡುಗಡೆಗೆ. ದೇಜಪ್ಪ ನನ್ನನ್ನು ಜೇಬಿನಲ್ಲಿಟ್ಟುಕೊಂಡು ಜೈಲಿಗೆ ಬಂದ. ಅವನ ಹೆಬ್ಬೆರಳು ಇಲ್ಲದ ಮೊಳೆಗಾಗಿ ತಡಕಾಡಿತು. ಒತ್ತಿಬಿಟ್ಟ.

ಅದೇ ಹಳೆಯ ಜೈಲರ್ ಕಾಗದ ತೆಗೆದುಕೊಂಡು ಮುದ್ರೆಯನ್ನಷ್ಟೇ ನೋಡಿದ: ತಲೆಕೆಳಗು. “ನಡೀರಿ ಸಾರ್, ಹಿತ್ತಲಿಗೆ.”

“ಬಿಡುಗಡೆ ಅಂತ ಬರ್ದುಂಟು, ಓದು ಮಾರಾಯ!” ದುಗ್ಗಣ್ಣ ಅರಚಿದ.

“ಓದ್ಲಿಕ್ಕೆ ಹೋಗ್ಬೇಡಿ ಅಂತ ನೀವೇ ಹೇಳಿದ್ದಲ್ವಾ?”

ಕಾಲು ಹಿಡಿದು ಎಳೆದೊಯ್ದರು. ಎರಡು ಗುಂಡಿನ ಸದ್ದು ಕೇಳಿತು. ದೇಜಪ್ಪ ಬಿಳಿಚಿಕೊಂಡು, “ಯಾರಿಗೆ? ಯಾರಿಗೆ ಹೊಡೆದ್ರು?” ಎಂದು ಗೋಡೆಯನ್ನು ಕೇಳುತ್ತಿದ್ದ.

ಈಗ ನಾನು ಅವನ ಮನೆಯ ಕಿಟಕಿಯಲ್ಲಿ ಕಿಲುಬು ಹಿಡಿದು ಕೂತಿದ್ದೇನೆ. ದುಗ್ಗಣ್ಣನಿಗಾಗಿ ನನಗೆ ಮರುಕವಿಲ್ಲ. ಕಾಂತಪ್ಪನ ನೆನಪಾದರೆ ಇಂದಿಗೂ ಸಂಕಟ. ಪೂರ್ತಿ ಕುರುಡನಾದ ದೇಜಪ್ಪ ಮಾತ್ರ ಮನೆಗೆ ಬಂದವರ ಕೈಗೆಲ್ಲ ನನ್ನನ್ನು ಕೊಟ್ಟು ಕೇಳುತ್ತಾನೆ:

“ಸ್ವಲ್ಪ ನೋಡಿ ಹೇಳಿ, ಇದರ ತಲೆ ಯಾವ ಕಡೆ ಉಂಟು?”